ಸರ್ ಸಿ.ವಿ. ರಾಮನ್: ಮಂದ ಬೆಳಕಿನ ಬೆನ್ನು ಹತ್ತಿದ ಬದುಕು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚಿತ್ರ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ವಿಶ್ವೇಶ್ವರಯ್ಯನವರ ಬಗ್ಗೆ, ನಾಲ್ವಡಿಯವರ ಬಗ್ಗೆ ಬರೆಯಲು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಈ ಶಾಲೆಯಲ್ಲಿ ಓದಿ, ಮುಂದೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲೇ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಆದ್ದರಿಂದ ಸರ್ ಸಿ.ವಿ. ರಾಮನ್ ಅವರನ್ನೇ ಆರಿಸಿಕೊಂಡೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಬೆಳಕನ್ನು ಅಳೆಯುವ ಮೀಟರು ಒಂದಿತ್ತು. ಅದು ಬೀರುವಿನ ಒಳಗಿತ್ತು, ಬೀರುವಿಗೆ ಬೀಗವಿತ್ತು. ಮೀಟರು ಕೆಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯ ಎಲ್ಲರಿಗೂ ಇದ್ದುದರಿಂದ ಬೀಗ ತೆಗೆಯುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಮೂರು ವರ್ಷದ ಮಕ್ಕಳು ಅದನ್ನು ಬೀರುವಿನ ಗಾಜಿನ ಹೊರಗಿಂದಲೇ ನೋಡಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದರು. ಸಾಮಾನಿಲ್ಲದೆ ವಿಜ್ಞಾನವಿಲ್ಲ, ಸಾಮಾನಿರುವುದು ಮೈಸೂರು ಬೆಂಗಳೂರಿನಲ್ಲಿ ಎಂದು ನಂಬಿಬಿಟ್ಟ ಮಕ್ಕಳು ಪಿ.ಯು.ಸಿ.ಗೆ ಅರ್ಜಿ ಹಾಕುವಾಗ ವಿಜ್ಞಾನದ ಕಾಲಂ ಬಿಟ್ಟು ಮುಂದಕ್ಕೆ ಹೋಗುವುದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಅಂಥ ಮಕ್ಕಳ ಮುಂದೆ ನಾನು ಪದೇ ಪದೇ ಹೇಳುತ್ತಿದ್ದುದು ರಾಮನ್ ಅವರ ಕಥೆಯನ್ನೇ. ಅವರ ಬದುಕಿನ ಬಹುಪಾಲು ಕಳೆದದ್ದು ಒಂದೇ ತೊಡಕಿನ ಜೊತೆ. ಕಣ್ಣು ಕೋರೈಸುವ ಬೆಳಕಿನ ಪಕ್ಕದಲ್ಲೇ ಇರುವ ಅತಿ ಮಂದ ಬೆಳಕನ್ನು ಕಡಿಮೆ ಖರ್ಚಿನಲ್ಲಿ ಹಿಡಿಯುವುದು ಹೇಗೆ?

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಉಪನ್ಯಾಸಕರು, ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸವಾದ್ದರಿಂದ ಬಾಲ್ಯ ಅಲ್ಲಿ ಕಳೆಯಿತು. ಹುಡುಗ ಓದಿನಲ್ಲಿ ಎಷ್ಟು ಚುರುಕೆಂದರೆ, ನಮ್ಮ ಮಕ್ಕಳು ಆರನೇ ತರಗತಿಯಲ್ಲಿರುವ ವಯಸ್ಸಿಗೆ ಆತ ಮೆಟ್ರಿಕ್ಯುಲೇಷನ್ ಮುಗಿಸಿದ್ದ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಆಯಿತು. ಕಾಲೇಜಿನಲ್ಲಿರುವಾಗಲೇ, ಗಾಜಿನ ಪಟ್ಟಕದ ಕೋನ ಅಳೆಯುವ ಮಾಮೂಲು ಪ್ರಯೋಗ ಮಾಡುತ್ತ, ಎಲ್ಲರೂ ನೋಡಿ ಬಿಟ್ಟುಬಿಡುವ ಬೆಳಕಿನ ಪಟ್ಟೆಗಳನ್ನು ಅವರು ಗಮನಿಸಿದರು. ಅದರ ಮೇಲೆ ಬರೆದ ಪ್ರಬಂಧ 1906ರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ ಹದಿನೆಂಟು ವರ್ಷ.

ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಮೈಯಲ್ಲಿ ಶಕ್ತಿ ಸಾಲದು, ಅಲ್ಲಿನ ಚಳಿ ತಡೆಯಲಾಗದು ಎಂದು ಮದ್ರಾಸಿನ ಸಿವಿಲ್ ಸರ್ಜನ್ ತಡೆದರು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದು, ಅದೇ ವರ್ಷ ಲೋಕಸುಂದರಿಯವರನ್ನು ಮದುವೆಯಾಗಿ, ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕುಳಿತರು. ನಮ್ಮ ಕಡೆ ಇದನ್ನೇ ಒಳ್ಳೆಯ ಕಡೆ ನೆಲೆ ನಿಂತ ಅನ್ನುವುದು. ಬೇರೆ ಯಾರಾದರೂ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಕಲ್ಕತ್ತೆಯ ಬೌ ಬಜಾರ್ ಬೀದಿಯಲ್ಲಿ ವಿಜ್ಞಾನ ಬೆಳವಣಿಗೆಯ ಭಾರತೀಯ ಸಂಘ ಎಂಬುದೊಂದಿತ್ತು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆ. ರಾಮನ್ ಬರುವ ಹೊತ್ತಿಗೆ ಪ್ರಯೋಗಶಾಲೆ ಇತ್ತು, ಪ್ರಯೋಗ ಮಾಡುವವರು ಇರಲಿಲ್ಲ. ಆಶುತೋಷ್ ಡೇ ಎಂಬ ಸಹಾಯಕರು ಬಾಗಿಲು ತೆರೆದು ಒಳಗೆ ಕರೆದುಕೊಂಡರು. ಅಂದಿನಿಂದ ಬೆಳಗಿನ ಜಾವ ಪ್ರಯೋಗಶಾಲೆ, ಹಗಲು ಲೆಕ್ಕಪತ್ರದ ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾಗಿದ್ದನ್ನು ಬಿಟ್ಟರೆ ಹತ್ತು ವರ್ಷ ಹೀಗೇ ನಡೆಯಿತು. ಆಗ ಅವರು ಮಾಡುತ್ತಿದ್ದುದು ಹೆಚ್ಚಾಗಿ ನಾದದ ಕೆಲಸ. ಪಿಟೀಲಿನ ತಂತಿ, ವೀಣೆ, ಮೃದಂಗ, ತಬಲಗಳ ಕಂಪನ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಪಾಲಿತ್ ಪ್ರಾಧ್ಯಾಪಕ ಸ್ಥಾನ ಕೊಟ್ಟಾಗ ಸರ್ಕಾರಿ ಹುದ್ದೆ ಬಿಟ್ಟು ಬಂದರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಮ್ಮ ಊರುಗಳಲ್ಲಿ ಯಾರಾದರೂ ಹೀಗೆ ಮಾಡಿದರೆ ಮನೆಯ ಹಿರಿಯರು ಒಂದು ವಾರ ಮಾತು ಬಿಡುತ್ತಾರೆ.

1921ರಲ್ಲಿ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋಗಿ, ನರ್ಕುಂಡಾ ಎಂಬ ಹಡಗಿನಲ್ಲಿ ವಾಪಸಾಗುವಾಗ ಅವರ ಕಣ್ಣು ಸಮುದ್ರದ ನೀಲಿಯ ಮೇಲೆ ಬಿತ್ತು. ಆ ನೀಲಿ ಆಕಾಶದ ಪ್ರತಿಬಿಂಬವೇ ಎಂದು ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ಲಾರ್ಡ್ ರ್‍ಯಾಲೆ ಹೇಳಿದ್ದರು. ಎಲ್ಲರೂ ಒಪ್ಪಿದ್ದರು. ರಾಮನ್ ಅವರ ಜೇಬಿನಲ್ಲಿದ್ದುದು ನಿಕಾಲ್ ಪಟ್ಟಕ ಎಂಬ ಬೆರಳುದ್ದದ ಒಂದು ಹರಳು. ಅವರು ಮಾಡಿದ್ದನ್ನು ನಮ್ಮ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ಮಧ್ಯಾಹ್ನ ಹಿನ್ನೀರಿನ ದಡದಲ್ಲಿ ನಿಂತರೆ ನೀರಿನ ಮೇಲೆ ಆಕಾಶದ ಹೊಳಪೇ ಹೊಳಪು, ಒಳಗಿನದೇನೂ ಕಾಣದು. ಪೋಲರಾಯ್ಡ್ ಕನ್ನಡಕ ಹಾಕಿ ಓರೆಯಾಗಿ ನೋಡಿ. ಹೊಳಪು ಕರಗಿ ನೀರಿನ ಒಳಗು ಕಾಣತೊಡಗುತ್ತದೆ. ಮೇಲಿನಿಂದ ಪ್ರತಿಫಲಿಸಿದ ಬೆಳಕಿನ ಕಂಪನ ಒಂದೇ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಕನ್ನಡಕ ಅದನ್ನು ತಡೆಯುತ್ತದೆ, ಒಳಗಿನಿಂದ ಬಂದದ್ದನ್ನು ಬಿಡುತ್ತದೆ. ರಾಮನ್ ಪಟ್ಟಕವನ್ನು ತಿರುಗಿಸಿ ಆಕಾಶದ ಪ್ರತಿಬಿಂಬವನ್ನು ಆರಿಸಿದಾಗ ಸಮುದ್ರದ ನೀಲಿ ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು. ಹಾಗಾದರೆ ನೀಲಿ ನೀರಿನದೇ, ನೀರಿನ ಅಣುಗಳು ಸೂರ್ಯನ ಬೆಳಕನ್ನು ಚದುರಿಸಿದ್ದರಿಂದ ಬಂದದ್ದು. ಬೊಂಬಾಯಿ ಬಂದರಿನಿಂದಲೇ ನೇಚರ್ ಪತ್ರಿಕೆಗೆ ಟಿಪ್ಪಣಿ ಹೋಯಿತು.

ಮಂದವಾದದ್ದನ್ನು ನೋಡಲು ಇನ್ನೂ ಸೂಕ್ಷ್ಮವಾದ ಉಪಕರಣ ತರಬೇಕೆಂದು ನಾವು ಅಂದುಕೊಳ್ಳುತ್ತೇವೆ. ರಾಮನ್ ಹಾಗೆ ಮಾಡಲಿಲ್ಲ. ಅಡ್ಡ ಬಂದ ಜೋರು ಬೆಳಕನ್ನು ಮೊದಲು ಹೊರಗೆ ಕಳಿಸಿದರು. ಉಳಿದ ಮಂದ ಬೆಳಕಿಗೆ ಕಣ್ಣೇ ಸಾಕಾಯಿತು.

ಮುಂದಿನ ಏಳು ವರ್ಷ ಕಲ್ಕತ್ತೆಯಲ್ಲಿ ಇದೇ ಉಪಾಯ ದೊಡ್ಡದಾಗಿ ನಡೆಯಿತು. ದ್ರವದ ಮೂಲಕ ಬೆಳಕು ಹಾಯಿಸಿದರೆ ಸ್ವಲ್ಪ ಬೆಳಕು ಪಕ್ಕಕ್ಕೆ ಚದುರುತ್ತದೆ. ಹೀಗೆ ಚದುರಿದ್ದರಲ್ಲಿ ಬಹುಪಾಲು ಬಂದ ಬಣ್ಣದ್ದೇ. ಆದರೆ 1923ರಲ್ಲೇ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ನೀರಿನಲ್ಲಿ ಬಣ್ಣ ಬದಲಾದ ಒಂದು ಅತಿ ಮಂದ ಬೆಳಕು ಕಂಡಿತ್ತು. ಕಲ್ಮಶದಿಂದ ಬಂದಿರಬೇಕು ಎಂದು ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಹಗಲು ಸರ್ಕಾರಿ ಕೆಲಸ ಮಾಡಿ ಬಿಡುವಿನಲ್ಲಿ ಪ್ರಯೋಗಶಾಲೆಗೆ ಬರುತ್ತಿದ್ದ ವೆಂಕಟೇಶ್ವರನ್ ಅವರಿಗೆ 1928ರ ಆರಂಭದಲ್ಲಿ ಗ್ಲಿಸರಿನ್‌ನಲ್ಲಿ ಅದೇ ಹಸುರು ಛಾಯೆ ಕಂಡಿತು. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರನ್ನು ಆ ಕೆಲಸಕ್ಕೆ ಹಚ್ಚಿ, ತಾವೂ ಜೊತೆಗೆ ನಿಂತರು.

ಈ ಬೆಳಕು ಎಷ್ಟು ಮಂದ? ದ್ರವಕ್ಕೆ ಹೋದ ಬೆಳಕಿನಲ್ಲಿ ಸುಮಾರು ಒಂದು ಕೋಟಿಗೆ ಒಂದು ಪಾಲು ಎಂದಿಟ್ಟುಕೊಳ್ಳಿ. ಕೆ.ಆರ್. ನಗರದ ಗದ್ದೆಯ ಲೆಕ್ಕದಲ್ಲಿ ಹೇಳಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಒಂದು ಕಿಲೋ ಭತ್ತದಲ್ಲಿ ಹೆಚ್ಚುಕಡಿಮೆ 40 ಸಾವಿರ ಕಾಳು. ಕೋಟಿ ಕಾಳು ಎಂದರೆ ಎರಡೂವರೆ ಕ್ವಿಂಟಲ್. ಅಷ್ಟು ಭತ್ತದ ರಾಶಿಯಲ್ಲಿ ಒಂದೇ ಒಂದು ಕಾಳು ಬೇರೆ ಬಣ್ಣದ್ದು. ಕೈಯಲ್ಲಿ ಹೆಕ್ಕುತ್ತ ಕುಳಿತರೆ ಸುಗ್ಗಿಯೇ ಮುಗಿದುಹೋಗುತ್ತದೆ. ಬೇರೆ ಬಣ್ಣದ ಕಾಳು ಮಾತ್ರ ಉದುರುವಂಥ ಜರಡಿ ಬೇಕು.

ಆ ಜರಡಿ ಎರಡು ಬಣ್ಣದ ಗಾಜು. ಏಳು ಅಂಗುಲದ ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ಇನ್ನೊಂದು ಮಸೂರದಿಂದ ದ್ರವದ ಬುಡ್ಡಿಯೊಳಕ್ಕೆ ಬಿಟ್ಟರು. ಬೆಳಕು ಒಳಗೆ ಹೋಗುವ ಮೊದಲು ನೇರಳೆ ಗಾಜು, ನೇರಳೆ ಬಣ್ಣವೊಂದೇ ಒಳಗೆ ಹೋಗುವಂತೆ. ನೋಡುವವನ ಕಣ್ಣಿನ ಮುಂದೆ ಹಳದಿ ಹಸುರಿನ ಗಾಜು, ನೇರಳೆಯನ್ನು ಪೂರ್ತಿ ತಡೆಯುವಂಥದು. ಎರಡು ಗಾಜನ್ನೂ ಒಟ್ಟಿಗೆ ಹಿಡಿದರೆ ಸೂರ್ಯನೇ ಕತ್ತಲು. ಆದರೆ ನಡುವೆ ದ್ರವವಿದ್ದಾಗ ಮಸುಕಾದ ಒಂದು ಬೆಳಕಿನ ಗೆರೆ ಕಂಡಿತೆಂದರೆ ಅದು ದ್ರವದೊಳಗೇ ಬಣ್ಣ ಬದಲಿಸಿಕೊಂಡಿರಬೇಕು, ಬೇರೆ ದಾರಿಯಿಲ್ಲ. ಹತ್ತಾರು ದ್ರವಗಳಲ್ಲಿ ಅದು ಕಂಡಿತು. 1928ರ ಫೆಬ್ರವರಿ 28ರಂದು ಅದೇ ಬೆಳಕನ್ನು ಪುಟ್ಟ ರೋಹಿತದರ್ಶಕದ ಮೂಲಕ ನೋಡಿದಾಗ ಬಂದ ಬಣ್ಣದಿಂದ ಬೇರೆಯಾಗಿ, ನಡುವೆ ಕತ್ತಲ ತೆರಪು ಬಿಟ್ಟು, ಹೊಸ ಬಣ್ಣ ನಿಂತಿತ್ತು. ಮರುದಿನ ಪತ್ರಿಕೆಗಳಿಗೆ ತಿಳಿಸಿದರು. ಆಮೇಲೆ ಸೂರ್ಯನ ಬದಲು ಪಾದರಸದ ದೀಪ ಇಟ್ಟರು, ಕಣ್ಣಿನ ಬದಲು ಛಾಯಾಚಿತ್ರದ ಫಲಕ ಇಟ್ಟರು. ಮಂದ ಬೆಳಕನ್ನು ಕಣ್ಣು ಕೂಡಿಟ್ಟುಕೊಳ್ಳಲಾರದು. ಫಲಕ ಗಂಟೆಗಟ್ಟಲೆ ಹನಿ ಹನಿಯಾಗಿ ಕೂಡಿಟ್ಟುಕೊಳ್ಳುತ್ತದೆ.

ಈ ಹೊಸ ಬೆಳಕಿನ ಬಗ್ಗೆ ಅವರು ವಿವರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ಮೊದಲು ಪ್ರಕಟಿಸಿದವರು ರಾಮನ್. 1930ರಲ್ಲಿ ನೊಬೆಲ್ ಬಂತು. ಇಡೀ ಪ್ರಯೋಗಕ್ಕೆ ಇನ್ನೂರು ರೂಪಾಯಿಯ ಸಾಮಾನು ಎಂದು ನಾವೆಲ್ಲ ವೇದಿಕೆ ಮೇಲೆ ಹೇಳುವುದು ರೂಢಿ. ಆ ಇನ್ನೂರರಲ್ಲಿ ದೊಡ್ಡ ಮಸೂರದ ಬೆಲೆಯಾಗಲಿ, ಶಿಷ್ಯರು ಏಳು ವರ್ಷ ದ್ರವ ಶುದ್ಧ ಮಾಡಿದ ಶ್ರಮವಾಗಲಿ ಸೇರಿರಲಾರದು. ಕಡಿಮೆ ಖರ್ಚು ಅಂದರೆ ಕಡಿಮೆ ಕೆಲಸ ಅಂತಲ್ಲ, ಅಷ್ಟನ್ನು ನಾವು ಮಕ್ಕಳಿಗೆ ಸೇರಿಸಿ ಹೇಳಬೇಕು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, ಆ ಹುದ್ದೆಗೆ ಬಂದ ಮೊದಲ ಭಾರತೀಯ. ಮರುವರ್ಷ ಭಾರತೀಯ ವಿಜ್ಞಾನಗಳ ಅಕಾಡೆಮಿ ಕಟ್ಟಿದರು. ಮೈಸೂರು ಸರ್ಕಾರ ಜಮೀನು ಕೊಟ್ಟಿತು. 1935ರಲ್ಲಿ ಮಹಾರಾಜರಿಂದ ರಾಜಸಭಾಭೂಷಣ ಬಿರುದೂ ಬಂತು. ಸಂಸ್ಥೆಯ ಆಡಳಿತದವರ ಜೊತೆ ಮಾತ್ರ ಕೂಡಿಬರಲಿಲ್ಲ. ಅವರ ನಾಲಿಗೆಯೂ ಮೆತ್ತಗಿನದಲ್ಲ. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದರು. ಆ ಜಗಳಗಳ ಬಗ್ಗೆ ಬರೆದವರು ಬಹಳ ಜನ, ನಾನು ಅದಕ್ಕೆ ಜಾಗ ಕೊಡುವುದಿಲ್ಲ.

ನಿವೃತ್ತಿಯ ಹೊತ್ತಿಗೆ ಹೆಬ್ಬಾಳದ ದಾರಿಯ ಆ ಜಮೀನಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಎಬ್ಬಿಸಿದ್ದರು. ಸರ್ಕಾರದ ಹಣ ತೆಗೆದುಕೊಂಡರೆ ಸರ್ಕಾರಕ್ಕೆ ವರದಿ ಬರೆಯುತ್ತ ಕೂರಬೇಕೆಂದು ಆ ಹಣವನ್ನೇ ಬೇಡವೆಂದರು. ಶುರುವಿನಲ್ಲಿ ಅಲ್ಲಿ ಕರೆಂಟು ಕೂಡ ಇರಲಿಲ್ಲ. ಕನ್ನಡಿಯಿಂದ ಸೂರ್ಯನ ಬೆಳಕನ್ನು ಕೋಣೆಯೊಳಕ್ಕೆ ತಿರುಗಿಸಿ, ಮಸೂರ ಇಟ್ಟು ಕೆಲಸ ನಡೆಸಿದರು. ನೊಬೆಲ್ ಬಂದು ಹದಿನೆಂಟು ವರ್ಷ ಕಳೆದ ಮೇಲಿನ ಮಾತು ಇದು. ಕರೆಂಟಿಲ್ಲ, ಇವತ್ತು ಪ್ರಯೋಗ ಇಲ್ಲ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆದುಬಿಡುವ ಮುಂಚೆ ನೆನಪಾಗಲಿ ಎಂದು ಇಷ್ಟನ್ನು ಹೇಳಿದೆ. 1954ರಲ್ಲಿ ಭಾರತ ರತ್ನ ಕೊಟ್ಟರು.

ಕೊನೆಯ ಹತ್ತು ವರ್ಷ ರಾಮನ್ ಅವರನ್ನು ಹಿಡಿದಿಟ್ಟದ್ದು ಮನುಷ್ಯನ ಕಣ್ಣು. ಜೀವನವಿಡೀ ತಾವು ನೆಚ್ಚಿಕೊಂಡ ಉಪಕರಣವನ್ನೇ ಪರೀಕ್ಷೆಗೆ ಎತ್ತಿಕೊಂಡರು. ತೋಟದಲ್ಲಿ ಗುಲಾಬಿ ಮತ್ತಿತರ ಹೂಗಳ ಬಣ್ಣ ನೋಡಿದರು. ಬಣ್ಣದ ಗಾಜಿನ ಮೂಲಕ ಬೆಳಗಿದ ತೆರೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ತಟ್ಟನೆ ಗಾಜು ತೆಗೆದು, ಆ ಗಳಿಗೆಯಲ್ಲಿ ಕಣ್ಣಿಗೆ ತೋರುವುದನ್ನು ಬರೆದಿಟ್ಟರು. 1968ರಲ್ಲಿ ಇದೆಲ್ಲ ಒಂದು ದೊಡ್ಡ ಪುಸ್ತಕವಾಯಿತು. ಬಣ್ಣ ಕಾಣುವ ಬಗೆಯನ್ನು ಕುರಿತು ಅವರು ಮುಂದಿಟ್ಟ ವಾದವನ್ನು ವಿಜ್ಞಾನ ಲೋಕ ಒಪ್ಪಲಿಲ್ಲ. ಕಣ್ಣಿನೊಳಗೆ ಮಂದ ಬೆಳಕಿಗೆ ಒಂದು ಬಗೆಯ ಕೋಶ, ಹಗಲಿನ ಬಣ್ಣಕ್ಕೆ ಮೂರು ಬಗೆಯ ಕೋಶ ಎಂಬುದೇ ಇಂದಿಗೂ ನಿಂತಿರುವ ಮಾತು. ದೊಡ್ಡವರು ಹೇಳಿದ್ದೆಲ್ಲ ಸರಿ ಎಂದು ಮಕ್ಕಳಿಗೆ ಕಲಿಸುವುದು ಸ್ವತಃ ರಾಮನ್ ಅವರಿಗೇ ಇಷ್ಟವಾಗುತ್ತಿರಲಿಲ್ಲ. ಆದರೆ ಅವರು ಎತ್ತಿಕೊಂಡ ಪ್ರಶ್ನೆ ಸಣ್ಣದಲ್ಲ.

ನೋಡಿ, ನೆತ್ತಿಯ ಮೇಲಿನ ಬಿಸಿಲು ಅಳತೆಯಲ್ಲಿ ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಕಾಲು ಭಾಗವೂ ಬರುವುದು ಕಷ್ಟ. ಬರೀ ನಕ್ಷತ್ರದ ಬೆಳಕು ಅದಕ್ಕಿಂತ ನೂರು ಪಟ್ಟು ಕಡಿಮೆ. ಕಾಡಂಚಿನ ಹಾಡಿಯ ಹುಡುಗ ಬೆಳದಿಂಗಳಲ್ಲಿ ದಾರಿ ಕಾಣುವುದೂ, ಮಧ್ಯಾಹ್ನ ಕಣದಲ್ಲಿ ರಾಗಿ ತೂರುವುದೂ ಅದೇ ಎರಡು ಕಣ್ಣಿನಿಂದ. ಪಾಪೆ ಕಿರಿದಾಗಿ ಹಿಗ್ಗಿ ಹೆಚ್ಚೆಂದರೆ ಹದಿನಾರು ಪಟ್ಟು ಸಂಭಾಳಿಸಬಲ್ಲದು. ಉಳಿದ ಲಕ್ಷ ಲಕ್ಷ ಪಟ್ಟನ್ನು ಕಣ್ಣಿನ ಹಿಂದಿನ ಪರದೆ ತನ್ನ ಸೂಕ್ಷ್ಮತೆಯನ್ನು ಏರಿಸಿ ಇಳಿಸಿ ಸರಿದೂಗಿಸುತ್ತದೆ. ಅದಕ್ಕೆ ಹೊತ್ತು ಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಇದು ಗೊತ್ತು. ಮೊದಲು ಏನೂ ಕಾಣದು. ನಿಂತರೆ ಕಡ್ಡಿ ಕಾಣುತ್ತದೆ, ಇನ್ನೂ ನಿಂತರೆ ಎಲೆ ಹಸುರೋ ಹಳದಿಗೆ ತಿರುಗಿತೋ ತಿಳಿಯುತ್ತದೆ. ಪೂರ್ತಿ ಕತ್ತಲಿಗೆ ಕಣ್ಣು ಹೊಂದಲು ಅರ್ಧ ಗಂಟೆಯಾದರೂ ಬೇಕು. ಇನ್ನೊಂದು ಗುಣವೂ ಇದೆ. ಬೆಳಕು ಹತ್ತು ಪಟ್ಟಾದರೆ ಕಣ್ಣಿಗೆ ಹತ್ತು ಪಟ್ಟು ಎನ್ನಿಸುವುದಿಲ್ಲ, ಒಂದು ಮೆಟ್ಟಿಲು ಹೆಚ್ಚಾಯಿತು ಎನ್ನಿಸುತ್ತದೆ. ಇನ್ನೂ ಹತ್ತು ಪಟ್ಟಾದರೆ ಇನ್ನೊಂದು ಮೆಟ್ಟಿಲು. ಹಾಗಾಗಿಯೇ ಕೋಟಿಯ ಅಂತರ ಏಳೆಂಟು ಮೆಟ್ಟಿಲಿನಲ್ಲಿ ಅಡಗುತ್ತದೆ.

ಅಗ್ಗದ ಬೆಳಕಿನ ಮಾಪಕ ಮಾಡುವವರು ಇಂದು ಹಿಡಿಯುವುದೂ ಇದೇ ದಾರಿ. ಬೀದಿ ದೀಪವನ್ನು ತಾನಾಗಿ ಹೊತ್ತಿಸುವ ಎಲ್.ಡಿ.ಆರ್. ಎಂಬ ಗುಂಡಿಯಷ್ಟು ಸಾಮಾನಿಗೆ ಹತ್ತಿಪ್ಪತ್ತು ರೂಪಾಯಿ. ಕತ್ತಲಲ್ಲಿ ಅದರ ರೋಧ ಹತ್ತು ಲಕ್ಷ ಓಮ್ ದಾಟುತ್ತದೆ, ಬಿಸಿಲಿನಲ್ಲಿ ಕೆಲವು ನೂರಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಅದರ ಜೊತೆಗೆ ಒಂದೇ ರೋಧಕ ಜೋಡಿಸಿದರೆ ಬಿಸಿಲೋ ಕತ್ತಲೋ, ಯಾವುದಾದರೊಂದು ಕಡೆ ಮಾತ್ರ ಅಳತೆ ಚೆನ್ನಾಗಿ ಬರುತ್ತದೆ. ಸಾವಿರದ್ದೊಂದು, ಲಕ್ಷದ್ದೊಂದು ರೋಧಕ ಇಟ್ಟುಕೊಂಡು ಸ್ವಿಚ್ಚಿನಿಂದ ಬದಲಿಸಿದರೆ ಎರಡು ಕಡೆಯೂ ಸಿಗುತ್ತದೆ. ಸೋಲಾರ್ ದೀಪದಿಂದ ಬಿಚ್ಚಿದ ಸಿಲಿಕಾನ್ ಕೋಶವೊಂದಿದ್ದರೆ ಇನ್ನೂ ಸೊಗಸು. ಮಲ್ಟಿಮೀಟರಿನಲ್ಲಿ ಕರೆಂಟು ಅಳೆದರೆ ಅದು ಬೆಳಕಿನಷ್ಟೇ ಏರುತ್ತದೆ, ಬೆಳಕು ಹತ್ತು ಪಟ್ಟಾದರೆ ಕರೆಂಟೂ ಹತ್ತು ಪಟ್ಟು. ವೋಲ್ಟ್ ಅಳೆದರೆ ಕಣ್ಣಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಳ್ಳೆಯ ಕೋಶದಲ್ಲಿ ಹತ್ತು ಪಟ್ಟು ಬೆಳಕಿಗೆ ಸುಮಾರು 60 ಮಿಲಿವೋಲ್ಟ್. ಒಂದೇ ಕೋಶದಲ್ಲಿ ಎರಡು ಬಗೆಯ ಮಾಪಕ.

ಮಲ್ಟಿಮೀಟರೂ ಬೀರುವಿನೊಳಗೆ ಸೇರಿಕೊಂಡಿದ್ದರೆ ಎಣ್ಣೆ ಕಾಗದವಂತೂ ಇದೆ. ಬಿಳಿ ಕಾಗದಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ, ಎರಡು ದೀಪಗಳ ನಡುವೆ ನಿಲ್ಲಿಸಿ. ಬೆಳಕು ಒಂದು ಕಡೆ ಹೆಚ್ಚಾದರೆ ಆ ಕಡೆಯಿಂದ ಕಲೆ ಕಪ್ಪಗೆ, ಈ ಕಡೆಯಿಂದ ಬೆಳ್ಳಗೆ ಕಾಣುತ್ತದೆ. ಎರಡೂ ಕಡೆ ಸಮವಾದಾಗ ಕಲೆ ಹೆಚ್ಚುಕಡಿಮೆ ಮಾಯ. ಜೋರು ದೀಪ ಒಂದು ಮೀಟರ್ ದೂರ, ಚಿಮಣಿ ದೀಪ ಹತ್ತು ಸೆಂಟಿಮೀಟರ್ ದೂರ ಇದ್ದಾಗ ಕಲೆ ಅಳಿಸಿದರೆ ಜೋರು ದೀಪ ನೂರು ಪಟ್ಟು ಎಂದಾಯಿತು, ದೂರದ ವರ್ಗದ ಲೆಕ್ಕ. ಬೆಳಕು ಎಷ್ಟಿದೆ ಎಂದು ಕಣ್ಣು ಹೇಳಲಾರದು. ಎರಡು ಸಮವೇ ಅಲ್ಲವೇ ಎಂದು ಬಹಳ ಚೆನ್ನಾಗಿ ಹೇಳಬಲ್ಲದು. ಪಿರಿಯಾಪಟ್ಟಣ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಇದನ್ನು ಮಾಡಿಸಿದಾಗ, ಹೊಗೆಸೊಪ್ಪು ಬೆಳೆಯುವವರ ಮನೆಯ ಹುಡುಗಿಯೊಬ್ಬಳು ಕಾಗದದ ಎರಡೂ ಬದಿಗೆ ಕನ್ನಡಿ ಚೂರು ಓರೆಯಾಗಿ ನಿಲ್ಲಿಸಿ, ಕತ್ತು ಆ ಕಡೆ ಈ ಕಡೆ ಹೊರಳಿಸದೆ ಕಲೆಯ ಎರಡು ಮುಖವನ್ನೂ ಒಟ್ಟಿಗೆ ನೋಡಿದಳು. ನಾನು ಹೇಳಿಕೊಟ್ಟದ್ದಲ್ಲ. ಆಕೆ ಮುಂದೆ ವಿಜ್ಞಾನವನ್ನೇ ಓದಿದಳು. ನಮ್ಮ ಶಾಲೆಯ ಈಗಿನ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಭಾಷಣ ಅರ್ಧ ಗಂಟೆಗೆ ನಿಲ್ಲಿಸಿ, ಕಿಟಕಿ ಮುಚ್ಚಿ, ಮಕ್ಕಳ ಕೈಗೆ ಈ ಕಾಗದ ಕೊಡಿ.

ರಾಮನ್ ಅವರು ಪ್ರತಿ ಗಾಂಧಿ ಜಯಂತಿಯಂದು ತಮ್ಮ ಸಂಸ್ಥೆಯಲ್ಲಿ ಜನರಿಗಾಗಿ ಉಪನ್ಯಾಸ ಕೊಡುತ್ತಿದ್ದರು. 1970ರ ಅಕ್ಟೋಬರ್ 2ರಂದು ಕೊಟ್ಟದ್ದು ಕೊನೆಯದು. ಆಗ ಅವರು ಎತ್ತಿಕೊಂಡಿದ್ದ ವಿಷಯ ಕಿವಿ. ಆ ತಿಂಗಳ ಕೊನೆಗೆ ಪ್ರಯೋಗಶಾಲೆಯಲ್ಲೇ ಕುಸಿದರು. ನವೆಂಬರ್ 21ರ ಬೆಳಗ್ಗೆ ತೀರಿಕೊಂಡಾಗ ಎಂಬತ್ತೆರಡು ತುಂಬಿ ಎರಡು ವಾರವಾಗಿತ್ತು. ಅಂತ್ಯಸಂಸ್ಕಾರ ಸಂಸ್ಥೆಯ ತೋಟದಲ್ಲೇ, ಮರಗಳ ನಡುವೆ ನಡೆಯಿತು. ಅಲ್ಲಿ ಗೋರಿ ಕಟ್ಟಲಿಲ್ಲ, ಕಲ್ಲು ನೆಡಲಿಲ್ಲ, ಒಂದು ಸಸಿ ನೆಟ್ಟರು. ಈಗ ಅದು ಮರ.